ಮಕ್ಕಳ ಮೈನಸ್ ನಂಬರ್‌ಗೆ ‘ಪಟ್ಟಿ’ ಆಪರೇಷನ್: ಯಾರಿಗೆ ಬೇಕು, ಯಾರಿಗೆ ಬೇಡ

ಮಗುವಿನ ಕನ್ನಡಕದ ನಂಬರ್ ವರ್ಷವರ್ಷ ಏರುತ್ತಿದ್ದರೆ ಮೈಸೂರು, ಮಂಡ್ಯ ಕಡೆಯ ಹೆತ್ತವರು ಮೊದಲು ಕೇಳುವುದು ‘ಲೇಸರ್ ಮಾಡಿಸಿಬಿಡೋಣವಾ’ ಅಂತ. ಲೇಸರ್ ತಿದ್ದುವುದು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಆಕಾರವನ್ನು. ನಂಬರ್ ಏರುವುದು ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುತ್ತಿರುವುದರಿಂದ. ಆ ಬೆಳವಣಿಗೆ ಲೇಸರ್‌ನಿಂದ ನಿಲ್ಲುವುದಿಲ್ಲ. ವಯಸ್ಸು 18 ದಾಟಿ, ನಂಬರ್ ಸ್ಥಿರವಾದ ಮೇಲಿನ ಮಾತು ಅದು. ಬೆಳವಣಿಗೆಯನ್ನೇ ತಡೆಯಲು ಮಾಡುವ ಆಪರೇಷನ್ ಬೇರೆ: ಕಣ್ಣಿನ ಹಿಂಬದಿಗೆ ಪಟ್ಟಿ ಬಿಗಿಯುವ ಪೋಸ್ಟೀರಿಯರ್ ಸ್ಕ್ಲೀರಲ್ ರೀಇನ್‌ಫೋರ್ಸ್‌ಮೆಂಟ್, ಅಂದರೆ ಪಿಎಸ್‌ಆರ್. ರಷ್ಯಾ, ಚೀನಾಗಳಲ್ಲಿ ಹೆಚ್ಚು ನಡೆದಿದೆ, ಅಮೆರಿಕದಲ್ಲಿ ಬೇರೂರಲಿಲ್ಲ.

ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಕಣ್ಣಿನ ಬಿಳಿಭಾಗದ ಮೇಲಿನ ತೆಳುಪೊರೆಯಾದ ಕಂಜಂಕ್ಟೈವಾ ಬಿಡಿಸಿ, ಕಣ್ಣಿನ ಸ್ನಾಯುಗಳನ್ನು ಹುಕ್‌ನಲ್ಲಿ ಎತ್ತಿ ಹಿಡಿಯುತ್ತಾರೆ. ಸಾಮಾನ್ಯವಾಗಿ ದಾನಿಯ ಕಣ್ಣಿನ ಬಿಳಿಪದರದಿಂದ ಕತ್ತರಿಸಿದ, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಸ್ನಾಯುಗಳ ಅಡಿಯಿಂದ ತೂರಿಸಿ, ಕಣ್ಣಿನ ಹಿಂಭಾಗಕ್ಕೆ ಆನಿಸಿ, ಎರಡೂ ತುದಿಗಳನ್ನು ಮುಂದೆ ಹೊಲಿಯುತ್ತಾರೆ. ಸೊಂಟಕ್ಕೆ ಬಿಗಿದ ಪಟ್ಟಿಯಂತೆ ಅದು ಹಿಂಬದಿಗೆ ಆಸರೆ.

ಕಷ್ಟವೆಲ್ಲ ಬಿಗಿಯಲ್ಲಿದೆ. ಸಡಿಲವಾದರೆ ಪ್ರಯೋಜನವಿಲ್ಲ. ಅತಿಯಾದರೆ ಕಣ್ಣಿನ ಒತ್ತಡ ಏರುತ್ತದೆ, ರಕ್ತ ಹೊರಹೋಗುವ ವಾರ್ಟೆಕ್ಸ್ ಸಿರೆಗಳು ಅದುಮಿಹೋಗಿ ಒಳಪದರ ಊದಿಕೊಳ್ಳುತ್ತದೆ. ಪಟ್ಟಿ ಜರುಗಿ ದೃಷ್ಟಿನರವನ್ನು ಒತ್ತಿದರೆ ನೋಟಕ್ಕೇ ಪೆಟ್ಟು. ಸ್ನಾಯು ಘಾಸಿಗೊಂಡರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಇಷ್ಟಾದರೂ ಈಗಾಗಲೇ ಬಂದ ನಂಬರ್ ಹೋಗುವುದಿಲ್ಲ, ಕನ್ನಡಕ ತಪ್ಪುವುದಿಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳದ ಕಡೆ ಆಪರೇಷನ್‌ಗೆ ಒಪ್ಪಬೇಡಿ.

ಹಾಗಾಗಿ ಮೈನಸ್ 2, 3ರ ಮಗುವಿಗೆ ಖಂಡಿತ ಬೇಡ. ನಂಬರ್ ಮೈನಸ್ 6 ದಾಟಿ, ಬೇರೆ ಚಿಕಿತ್ಸೆಗೂ ಜಗ್ಗದೆ ಏರುತ್ತ, ಕಣ್ಣಿನ ಹಿಂಭಾಗ ಉಬ್ಬುತ್ತಿದ್ದರೆ ಮಾತ್ರ ರೆಟಿನಾ ತಜ್ಞರೊಂದಿಗೆ ಚರ್ಚಿಸಬಹುದಾದ ದಾರಿ ಇದು.

ಅದಕ್ಕೂ ಮೊದಲು ಆಗಬೇಕಾದ್ದು ಅಗ್ಗದ್ದು. ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿಯೇ ನಂಬರ್ ನೋಡಿಸಿ. ಹಾಗಲ್ಲದೆ ಮಾಡಿದ ಕಂಪ್ಯೂಟರ್ ಟೆಸ್ಟ್ ಮಕ್ಕಳಲ್ಲಿ ಮೈನಸ್ಸನ್ನು ಹೆಚ್ಚಾಗಿ ತೋರಿಸುತ್ತದೆ. ಆಕ್ಸಿಯಲ್ ಲೆಂತ್, ಅಂದರೆ ಕಣ್ಣುಗುಡ್ಡೆಯ ಮುಂದಿನಿಂದ ಹಿಂದಕ್ಕಿನ ಉದ್ದ, ಎಷ್ಟು ಮಿಲಿಮೀಟರ್ ಅಂತ ಪ್ರಿಂಟ್ ಕೇಳಿ ಪಡೆಯಿರಿ, ಆರು ತಿಂಗಳಿಗೊಮ್ಮೆ ಅದೇ ಯಂತ್ರದಲ್ಲಿ ಅಳೆಸಿ. ಒಂದು ಮಿಲಿಮೀಟರ್ ಬೆಳೆದರೆ ನಂಬರ್ ಸುಮಾರು 2.5ರಿಂದ 3 ಏರುತ್ತದೆ. ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕು ಬೇಕು. ಟ್ಯೂಷನ್ ತಪ್ಪಿದರೂ ಚಿಂತೆಯಿಲ್ಲ. ಡಾಕ್ಟರ್ ಬರೆದರೆ ಮಲಗುವಾಗ ಒಂದು ಹನಿ ಅಟ್ರೋಪಿನ್, ನಂಬರ್ ಏರುವ ವೇಗ ತಗ್ಗಿಸುವ ಔಷಧ: 0.01% ಸೌಮ್ಯ, 0.05% ಹೆಚ್ಚು ಪರಿಣಾಮಕಾರಿ, ಆದರೆ ಬಿಸಿಲು ಚುಚ್ಚುವುದು, ಹತ್ತಿರದ ಅಕ್ಷರ ಮಂಜಾಗುವುದು ಹೆಚ್ಚು. ಹನಿ ಹಾಕಿ ಮೂಗಿನ ಬದಿಯ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ನಂಬರ್ ಮತ್ತೆ ಜಿಗಿಯಬಹುದು.