ಕೆಂಟಕಿಯ ನೋಹನ ನಾವೆ: ಮರಗೆಲಸಕ್ಕೆ ಪೂರ್ತಿ ಅಂಕ, ವಾದಕ್ಕೆ ಪಾಸ್ ಮಾರ್ಕೂ ಕಷ್ಟ

ಅಮೆರಿಕದ ಸಿನ್ಸಿನಾಟಿ ನಗರದಿಂದ ಐ-75 ಹೆದ್ದಾರಿ ಹಿಡಿದು ದಕ್ಷಿಣಕ್ಕೆ 40 ಮೈಲಿ ಬಂದು 154ನೇ ಎಕ್ಸಿಟ್ ತೆಗೆದುಕೊಂಡರೆ ವಿಲಿಯಮ್ಸ್‌ಟೌನ್. ಲೋಕವೆಲ್ಲ ಮುಳುಗಿದ ಪ್ರಳಯದಿಂದ ತನ್ನ ಕುಟುಂಬವನ್ನೂ ಪ್ರಾಣಿಗಳನ್ನೂ ಉಳಿಸಲು ನೋಹ ಒಂದು ಹಡಗು ಕಟ್ಟಿದ ಅನ್ನುತ್ತದೆ ಬೈಬಲ್. ಅಲ್ಲಿನ ಗುಡ್ಡದ ಮೇಲೆ ಆ ನೋಹನ ನಾವೆಯ ಮಾದರಿ ನಿಂತಿದೆ: 510 ಅಡಿ ಉದ್ದ, 85 ಅಡಿ ಅಗಲ, 51 ಅಡಿ ಎತ್ತರ. ‘ಆರ್ಕ್ ಎನ್‌ಕೌಂಟರ್’ ಅಂತ ಹೆಸರು. 2016ರ ಜುಲೈ 7ರಂದು ತೆರೆದ ಇದನ್ನು ಕಟ್ಟಿದ್ದು ಕೆನ್ ಹ್ಯಾಮ್ ಅವರ ‘ಆನ್ಸರ್ಸ್ ಇನ್ ಜೆನೆಸಿಸ್’ ಸಂಸ್ಥೆ. ಭೂಮಿಗೆ ಸುಮಾರು 6,000 ವರ್ಷವಷ್ಟೇ ವಯಸ್ಸು ಅನ್ನುವುದು ಆ ಸಂಸ್ಥೆಯ ನಿಲುವು. ಹೋಗಬಹುದಾ ಅಂದರೆ, ಧಾರಾಳವಾಗಿ ಹೋಗಿ. ಆದರೆ ಇದೊಂದನ್ನೇ ನೋಡಿ ವಾಪಸ್ ಬರಬೇಡಿ.

ಮೊದಲು ಖರ್ಚಿನ ವಿಷಯ. ದೊಡ್ಡವರ ಟಿಕೆಟ್‌ಗೆ ತಲೆಗೆ 60 ಡಾಲರ್ ಮೇಲೆಯೇ ಇಟ್ಟುಕೊಳ್ಳಿ, ಪಾರ್ಕಿಂಗ್ ಬೇರೆ. ಕಾರು ನಿಲ್ಲಿಸಿದ ಜಾಗದಿಂದ ನಾವೆಯ ಹತ್ತಿರಕ್ಕೆ ಅವರದೇ ಬಸ್ಸು. ಒಳಗೆ ಮೂರು ಅಂತಸ್ತು. ಇಳಿಜಾರು ದಾರಿಯಲ್ಲಿ ಹತ್ತಿಕೊಂಡು ಹೋಗುವ ವ್ಯವಸ್ಥೆ, ಲಿಫ್ಟೂ ಇದೆ, ಹಾಗಾಗಿ ಮಂಡಿನೋವಿನ ಅಪ್ಪ ಅಮ್ಮಂದಿರನ್ನು ಕರೆದೊಯ್ಯಲು ಅಡ್ಡಿಯಿಲ್ಲ. ಫಲಕಗಳನ್ನೆಲ್ಲ ಓದುವವರಿಗೆ ನಾಲ್ಕು ಗಂಟೆ ಬೇಕು. ಒಳಗಿನ ಪ್ರಾಣಿಗಳೆಲ್ಲ ಬೊಂಬೆಗಳು. ಜೀವಂತ ಪ್ರಾಣಿ ನೋಡಬೇಕಾದರೆ ಪಕ್ಕದ ಸಣ್ಣ ಝೂಗೆ ಹೋಗಬೇಕು. ಊಟ ಬಫೆ, ಮಾಂಸಾಹಾರವೇ ಮುಖ್ಯ. ಸಸ್ಯಾಹಾರಿಗಳು ಬೆಳಿಗ್ಗೆ ತಿಂಡಿ ಗಟ್ಟಿಯಾಗಿ ಮುಗಿಸಿಕೊಂಡು ಹೊರಡುವುದು ಕ್ಷೇಮ.

ಮರಗೆಲಸ ಮಾತ್ರ ಕಣ್ಣು ತುಂಬುವಂಥದ್ದು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಇರುವ ಅಳತೆ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಮೊಳಕ್ಕೆ 18 ಇಂಚು ಹಿಡಿದಿದ್ದರೆ ಉದ್ದ 450 ಅಡಿಗೆ ನಿಲ್ಲುತ್ತಿತ್ತು; ಇವರು 20.4 ಇಂಚು ಹಿಡಿದದ್ದರಿಂದ 510 ಅಡಿ. ಒಳಗಿನ ಕಂಬಗಳು ಇಡೀ ಮರದ ದಿಮ್ಮಿಗಳು, ಕೆಲಸದಲ್ಲಿ ಹಳೇಕಾಲದ ಸರಳ ಬದುಕು ಬಿಡದ ಆಮಿಶ್ ಕ್ರೈಸ್ತ ಪಂಥದ ಬಡಗಿಗಳ ಕೈಯೂ ಇದೆ. ಕಂಬ ತೊಲೆ ಕೂಡುವಲ್ಲಿ ತಲೆ ಎತ್ತಿ ನೋಡಿ, ಉಕ್ಕಿನ ಪಟ್ಟಿ ಬೋಲ್ಟುಗಳು ಕಾಣುತ್ತವೆ. ಲಿಫ್ಟು, ಶೌಚಾಲಯಗಳಿರುವುದು ಒಂದು ಪಕ್ಕಕ್ಕೆ ಅಂಟಿಕೊಂಡ ಕಾಂಕ್ರೀಟ್ ಗೋಪುರಗಳಲ್ಲಿ. ಇದು ಕಟ್ಟಡ, ತೇಲುವುದಿಲ್ಲ. ಅದು ತಪ್ಪೂ ಅಲ್ಲ, ಕಟ್ಟಡ ನಿಯಮಗಳಂತೆ ಕಟ್ಟಿದ್ದಾರೆ. ಆದರೆ ಇಷ್ಟುದ್ದದ ಮರದ ಹಡಗು ಅಲೆಗೆ ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಇದು ಉತ್ತರವಾಗುವುದಿಲ್ಲ. 1909ರಲ್ಲಿ ಮೇನ್ ರಾಜ್ಯದಲ್ಲಿ ನೀರಿಗಿಳಿದ ‘ವಯೋಮಿಂಗ್’ ಮುಂಚಾಚು ಕಂಬ ಸೇರಿ 450 ಅಡಿಯ ಮರದ ಹಡಗು. ಕಬ್ಬಿಣದ ಪಟ್ಟಿ ಬಿಗಿದಿದ್ದರೂ ಮೈ ಬಳುಕಿ, ಹಲಗೆಗಳ ಸಂದಿನಿಂದ ನೀರು ಒಸರಿ, ಪಂಪು ಹೊಡೆಯುತ್ತಲೇ ಇರಬೇಕಾಗಿತ್ತು. 1924ರಲ್ಲಿ ಮುಳುಗಿತು. ಪ್ರಳಯಕ್ಕೆ ಮುಂಚಿನವರ ತಂತ್ರಜ್ಞಾನ ನಾವು ಅಂದುಕೊಂಡದ್ದಕ್ಕಿಂತ ಮುಂದಿತ್ತು ಎಂಬುದು ಸಂಸ್ಥೆಯ ಸಮಾಧಾನ.

ಇಡೀ ಪ್ರದರ್ಶನದ ಭಾರ ಬಿದ್ದಿರುವುದು ‘ಕೈಂಡ್’ ಎಂಬ ಒಂದೇ ಗೂಟದ ಮೇಲೆ. ಇಂದಿನ ಪ್ರತಿಯೊಂದು ಪ್ರಭೇದವನ್ನೂ ನೋಹ ಹತ್ತಿಸಲಿಲ್ಲ, ಮೂಲ ಗುಂಪುಗಳನ್ನು ಮಾತ್ರ ಹತ್ತಿಸಿದ ಅನ್ನುತ್ತಾರೆ. ನಾಯಿ, ತೋಳ, ನರಿಗೆಲ್ಲ ಸೇರಿ ಒಂದು ಕೈಂಡ್. ಹುಲಿ, ಸಿಂಹ, ಬೆಕ್ಕಿಗೆ ಇನ್ನೊಂದು. ಹೀಗೆ ಸುಮಾರು 1,400 ಕೈಂಡ್, ಪ್ರಾಣಿಗಳು 7,000ದ ಒಳಗೆ. ಡೈನೋಸಾರ್‌ಗಳೂ ಪಂಜರದಲ್ಲಿವೆ, ಜಾಗ ಉಳಿಸಲು ಮರಿಗಳು. ಲೆಕ್ಕ ಚೊಕ್ಕವಾಗಿದೆ, ತೊಡಕು ಶುರುವಾಗುವುದು ನಾವೆಯಿಂದ ಇಳಿದ ಮೇಲೆ. ಒಂದು ಕೈಂಡಿನಿಂದ ಹುಲಿ, ಚಿರತೆ, ಬೆಕ್ಕುಗಳೆಲ್ಲ ಕೆಲವೇ ಶತಮಾನಗಳಲ್ಲಿ ಬೇರ್ಪಡಬೇಕು. ವಿಕಾಸವಾದ ಸುಳ್ಳು ಅನ್ನುವವರಿಗೇ ಡಾರ್ವಿನ್ ಕೂಡ ಬೆಚ್ಚಿಬೀಳುವ ವೇಗದ ವಿಕಾಸ ಬೇಕಾಗುತ್ತದೆ! 2014ರ ಫೆಬ್ರವರಿ 4ರಂದು ಕೆನ್ ಹ್ಯಾಮ್ ಜೊತೆ ನಡೆದ ಚರ್ಚೆಯಲ್ಲಿ ಟಿವಿಯ ವಿಜ್ಞಾನ ಪ್ರಚಾರಕ ಬಿಲ್ ನೈ ಕೆದಕಿದ್ದು ಇದನ್ನೇ: 4,000 ವರ್ಷದಲ್ಲಿ ಇಷ್ಟು ಪ್ರಭೇದಗಳಾಗಬೇಕಾದರೆ ದಿನಕ್ಕೆ 11 ಹೊಸದು ಹುಟ್ಟಬೇಕು.

ಇವರ ಪ್ರಕಾರ ಪ್ರಳಯವಾದದ್ದು ಕ್ರಿ.ಪೂ. 2348ರಲ್ಲಿ. ನಮ್ಮ ಶಾಲಾ ಪುಸ್ತಕ ಓದಿದವರಿಗೆ ತಕ್ಷಣ ಹೊಳೆಯಬೇಕು, ಆಗ ಹರಪ್ಪದ ನಗರಗಳು ಉಚ್ಛ್ರಾಯದಲ್ಲಿದ್ದವು, ಕ್ರಿ.ಪೂ. 2600ರಿಂದ 1900ರವರೆಗೆ. ಮುದ್ರೆಗಳ ಮೇಲೆ ಹುಲಿ, ಆನೆ, ಖಡ್ಗಮೃಗ ಇಂದಿನ ರೂಪದಲ್ಲೇ ಇವೆ. ನಡುವೆ ಇಡೀ ಲೋಕ ಮುಳುಗಿದ ಗುರುತಿಲ್ಲ.

ಮೇವು, ನೀರು, ಸಗಣಿ ಸಾಗಿಸುವ ಮಾದರಿಗಳು ಜಾಣತನದವು, ಅಲ್ಲಿ ನಿಂತು ನೋಡಿ. ಆದರೂ ನೋಹನ ಮನೆಯ ಎಂಟು ಜನ, 6,700 ಪ್ರಾಣಿ. ದಿನಕ್ಕೆ 14 ಗಂಟೆ ದುಡಿದರೂ ಒಂದೊಂದಕ್ಕೆ ಸಿಗುವುದು ಒಂದು ನಿಮಿಷ. ನೋಹನ ಕುಟುಂಬದ ಕೋಣೆಗಳು ಸೊಗಸಾಗಿವೆ, ಕಲ್ಪನೆ ಬೆರೆಸಿರುವುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಬೈಬಲಿನಲ್ಲಿ ನೋಹನ ಹೆಂಡತಿಗೂ ಸೊಸೆಯಂದಿರಿಗೂ ಹೆಸರಿಲ್ಲ, ಇಲ್ಲಿ ಇದೆ.

ಫಲಕಗಳಲ್ಲಿ ಕಾಣದ ಕಥೆ ದುಡ್ಡಿನದು. ಯೋಜನೆಗೆ ವಿಲಿಯಮ್ಸ್‌ಟೌನ್ ನಗರ 6.2 ಕೋಟಿ ಡಾಲರ್ ಬಾಂಡ್ ಹೊರಡಿಸಿತ್ತು. ಮಾರಾಟ ತೆರಿಗೆಯಲ್ಲಿ 1.8 ಕೋಟಿ ಡಾಲರ್‌ವರೆಗೆ ವಾಪಸ್ ಕೊಡುವ ಪ್ರವಾಸೋದ್ಯಮ ರಿಯಾಯಿತಿಯನ್ನು ಕೆಂಟಕಿ ಸರ್ಕಾರ 2014ರ ಕೊನೆಗೆ ತಡೆಹಿಡಿಯಿತು. ನೌಕರಿಗೆ ಸೇರುವವರು ಸಂಸ್ಥೆಯ ನಂಬಿಕೆಯ ಹೇಳಿಕೆಗೆ ಸಹಿ ಹಾಕಬೇಕೆಂಬುದು ಒಂದು ಮುಖ್ಯ ತಕರಾರು. ಸಂಸ್ಥೆ ಕೋರ್ಟಿಗೆ ಹೋಯಿತು, 2016ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರು ಅದರ ಪರ ತೀರ್ಪು ಕೊಟ್ಟರು, ಹೊಸ ಗವರ್ನರ್ ಮೇಲ್ಮನವಿಗೆ ಹೋಗಲಿಲ್ಲ. 2019ರಲ್ಲಿ ಮಳೆಗೆ ಗುಡ್ಡ ಜಾರಿ ದಾರಿ ಹಾಳಾದದ್ದಕ್ಕೆ ವಿಮೆ ಕಂಪನಿಗಳ ಮೇಲೆ ದಾವೆ ಹೂಡಿದಾಗ ಪತ್ರಿಕೆಗಳಿಗೆ ಹಬ್ಬವೋ ಹಬ್ಬ. ನಾವೆಗೆ ಏನೂ ಆಗಿರಲಿಲ್ಲ ಅನ್ನುವುದನ್ನೂ ಹೇಳಬೇಕು.

ನನ್ನ ದೊಡ್ಡ ದೂರು ಬೇರೆ. ಬೈಬಲಿಗೆ ನಿಷ್ಠರಾದವರೆಲ್ಲ ಹೀಗೇ ಓದಬೇಕು ಎಂಬ ಧಾಟಿ ಒಳಗೆಲ್ಲ ಇದೆ. ಆದಿಕಾಂಡದ ದಿನಗಳನ್ನು ಅಕ್ಷರಶಃ 24 ಗಂಟೆಯೆಂದು ಹಿಡಿಯದ ಕ್ರೈಸ್ತ ಪರಂಪರೆ ಸಾವಿರದ ಆರುನೂರು ವರ್ಷ ಹಿಂದಿನ ಕ್ರೈಸ್ತ ಚಿಂತಕ ಸಂತ ಅಗಸ್ಟೀನನಷ್ಟು ಹಳೆಯದು. ವಿಶ್ವ ಹಿಗ್ಗುತ್ತಿದೆ, ಒಂದು ಬಿಂದುವಿನಿಂದ ಶುರುವಾಯಿತು ಎಂದು ಲೆಕ್ಕ ಹಾಕಿದ ಜಾರ್ಜ್ ಲಮೆತ್ರ್ ಕ್ಯಾಥೊಲಿಕ್ ಪಾದ್ರಿ. ವಿಕಾಸ ಬರೀ ಊಹೆಯಲ್ಲ, ಅದಕ್ಕಿಂತ ಮಿಗಿಲಾದದ್ದು ಎಂದು 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಒಪ್ಪಿದ್ದರು. ಮನುಷ್ಯನ ವಂಶವಾಹಿಗಳ ನಕ್ಷೆ ಬರೆದ ಜೀನೋಮ್ ಯೋಜನೆ ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಪ್ರಾರ್ಥನೆ ಬಿಡದ ಕ್ರೈಸ್ತರು. ಇವರ ವಿಚಾರವನ್ನು ಸಮಾನ ಗೌರವದಿಂದ ಮುಂದಿಡುವ ಒಂದು ಮೂಲೆಯಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಅದೇ ಸಂಸ್ಥೆಯ ಕ್ರಿಯೇಷನ್ ಮ್ಯೂಸಿಯಂ 45 ನಿಮಿಷದ ದಾರಿ, ಜೋಡಿ ಟಿಕೆಟ್ ಸಿಗುತ್ತದೆ. ಎರಡರಲ್ಲೂ ವಾದ ಒಂದೇ, ಒಂದು ಸಾಕು. ಮಿಕ್ಕ ದಿನಕ್ಕೆ ಬಿಗ್ ಬೋನ್ ಲಿಕ್ ಪಾರ್ಕಿಗೆ ಹೋಗಿ. ಅಧ್ಯಕ್ಷ ಜೆಫರ್ಸನ್‌ಗಾಗಿ 1807ರಲ್ಲಿ ಆನೆಯಂಥ ಅಳಿದುಹೋದ ಪ್ರಾಣಿ ಮ್ಯಾಸ್ಟಡಾನ್‌ನ ಮೂಳೆ ಅಗೆದ ಜಾಗ ಅದು. ಮಕ್ಕಳಿದ್ದರೆ ಸಿನ್ಸಿನಾಟಿಯ ಉತ್ತರಕ್ಕೆ ಶಾರನ್‌ವಿಲ್‌ನ ಟ್ರಾಮೆಲ್ ಫಾಸಿಲ್ ಪಾರ್ಕ್ ಬಿಡಬೇಡಿ, ಪ್ರವೇಶ ಉಚಿತ. 45 ಕೋಟಿ ವರ್ಷದ ಹಿಂದಿನ ಸಮುದ್ರದ ಚಿಪ್ಪುಗಳು ಗುಡ್ಡದ ತುಂಬ ಸಡಿಲವಾಗಿ ಬಿದ್ದಿರುತ್ತವೆ, ಆರಿಸಿಕೊಂಡು ಮನೆಗೆ ತರಬಹುದು. ನೆರಳಿಲ್ಲ, ಟೋಪಿ ಮತ್ತು ನೀರು ಇರಲಿ.