ಹೆವಿ ಡ್ಯೂಟಿ ಡ್ರೈವ್ ಶಾಫ್ಟ್ ಅಂತ ಬೆಸುಗೆ ಹಾಕಿದ ಸರಳು ಕೊಡುತ್ತಾರೆ, ಹುಷಾರ್

ದಾವಣಗೆರೆ, ಚಿತ್ರದುರ್ಗ ಕಡೆ ಕಾರು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿಕೊಂಡವರು, ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಪ್‌ಗ್ರೇಡ್ ಅಂತ ಹೇಳಿ ನನ್ನ ಕಾರಿಗೆ ಹಾಕಿದ ಡ್ರೈವ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಸರಳು, ನಡುರಸ್ತೆಯಲ್ಲಿ ತುಂಡಾಯಿತು. ಅಂಗಡಿಯ ಹೆಸರು ಬರೆಯುವುದಿಲ್ಲ. ಮಾಲು ಹೇಗಿರುತ್ತದೆ ಅಂತ ಬರೆಯುತ್ತೇನೆ, ನಿಮಗೆ ಬೇಕಾಗಿರುವುದು ಅದೇ.

ನನ್ನದು ಡೀಸೆಲ್ ಹ್ಯಾಚ್‌ಬ್ಯಾಕ್, ಮುಂದಿನ ಚಕ್ರ ಎಳೆಯುವ ಗಾಡಿ. ಕಂಪನಿಯಿಂದ ಬಂದಾಗ 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ರೀಮ್ಯಾಪ್ ಆದಮೇಲೆ 320ರ ಹತ್ತಿರ. ಎಪ್ಪತ್ತು ತಾನೇ ಜಾಸ್ತಿಯಾಗಿದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಶಾಫ್ಟ್ ಹೊರುವುದು ಗೇರ್‌ಬಾಕ್ಸ್ ಹೆಚ್ಚಿಸಿ ಕೊಟ್ಟ ಟಾರ್ಕನ್ನು. ಫಸ್ಟ್ ಗೇರ್ 3.7 ಪಟ್ಟು, ಅದಾದಮೇಲಿನ ಕೊನೆಯ ಗೇರು ಜೋಡಿ ಅಂದರೆ ಫೈನಲ್ ಡ್ರೈವ್ 3.4 ಪಟ್ಟು ಹೆಚ್ಚಿಸುತ್ತದೆ ಅಂತ ಹಿಡಿದರೆ 320 ಹೋಗಿ 4,000 ದಾಟುತ್ತದೆ, ಅಂದರೆ ಒಂದೊಂದು ಶಾಫ್ಟಿಗೆ 2,000. ಮೊದಲು ಇದೇ ಲೆಕ್ಕದಲ್ಲಿ ಸುಮಾರು 1,570 ಇತ್ತು. ಹಾಗಾಗಿ ಗಟ್ಟಿ ಶಾಫ್ಟ್ ಬೇಕು ಅನ್ನುವುದು ಸರಿಯೇ. ಅಂಗಡಿಯವರು ಹಳೆ ಶಾಫ್ಟ್‌ಗಳನ್ನು ಇಟ್ಟುಕೊಂಡು, ಕಪ್ಪು ಬಣ್ಣ ಹೊಡೆದು ಸ್ಟಿಕರ್ ಅಂಟಿಸಿದ ಒಂದು ಜೋಡಿ ಕೊಟ್ಟರು. "ಒರಿಜಿನಲ್‌ಗಿಂತ ದಪ್ಪ ಇದೆ ನೋಡಿ ಸರ್" ಅಂದರು. ದಪ್ಪ ಇತ್ತು, ನಿಜ.

ಭರಮಸಾಗರ ದಾಟಿದ ಮೇಲೆ ಟೀ ಕುಡಿದು ನಾನೂ ತಮ್ಮನೂ ಹೊರಟಿದ್ದೆವು. ಸರ್ವೀಸ್ ರಸ್ತೆಯಿಂದ ಹೈವೇಗೆ ಹತ್ತುವ ಏರಿನಲ್ಲಿ ಫಸ್ಟ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಧಡ್ ಅಂತ ಒಂದು ಏಟು. ಎಂಜಿನ್ ಕಿರುಚುತ್ತಿದೆ, ಗಾಡಿ ಮುಂದಕ್ಕೆ ಹೋಗುತ್ತಿಲ್ಲ. ಮೂತಿ ಹೈವೇ ಕಡೆ, ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹೋಗುತ್ತಿವೆ. ಎಂಜಿನ್ ಆಫ್ ಮಾಡಿ ಗೇರಿನಲ್ಲೇ ಬಿಟ್ಟು ಬ್ರೇಕಿನಿಂದ ಕಾಲು ತೆಗೆದರೆ ಕಾರು ಹಿಂದಕ್ಕೆ ಉರುಳತೊಡಗಿತು! ತಮ್ಮ ಹ್ಯಾಂಡ್ ಬ್ರೇಕ್ ಜಗ್ಗಿದ್ದಕ್ಕೆ ನಿಂತಿತು.

ಇದೊಂದು ವಿಷಯ ಎಲ್ಲರಿಗೂ ಗೊತ್ತಿರಲೇಬೇಕು. ಸಾಮಾನ್ಯ ಡಿಫರೆನ್ಷಿಯಲ್ (ಬಲವನ್ನು ಎಡ, ಬಲ ಚಕ್ರಗಳಿಗೆ ಹಂಚುವ ಗೇರು ಜೋಡಣೆ) ಇರುವ ಗಾಡಿಯಲ್ಲಿ ಒಂದು ಶಾಫ್ಟ್ ಮುರಿದರೆ ಮುರಿದ ಕಡೆಯೇ ಸುಮ್ನೆ ತಿರುಗುತ್ತಿರುತ್ತದೆ. ಇನ್ನೊಂದು ಚಕ್ರ ಎಳೆಯುವುದೂ ಇಲ್ಲ, ತಡೆಯುವುದೂ ಇಲ್ಲ. ಗೇರಿನಲ್ಲಿ ಬಿಟ್ಟರೂ ನಿಲ್ಲುವುದಿಲ್ಲ, ಆಟೊಮ್ಯಾಟಿಕ್ ಗಾಡಿಯಲ್ಲಿ ಪಿ ಹಾಕಿದರೂ ಅಷ್ಟೇ. ಹ್ಯಾಂಡ್ ಬ್ರೇಕ್ ಒಂದೇ ದಿಕ್ಕು. ಅದನ್ನು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಗಾಡಿಯ ಹಿಂದೆ ಹೋಗಿ.

ಜಾಕ್ ಏರಿಸಿ ನೋಡಿದಾಗ ಇನ್ನೂ ಭಯವಾಯಿತು. ಮುರಿದ ತುಂಡು ತಿರುಗುತ್ತಾ ಬಡಿದು ಎಬಿಎಸ್ ವೈರ್ ಕಿತ್ತಿತ್ತು, ಬ್ರೇಕ್ ಹೋಸಿನ ರಬ್ಬರ್ ಸುಲಿದು ಒಳಗಿನ ದಾರ ಕಾಣುತ್ತಿತ್ತು. 80ರ ವೇಗದಲ್ಲಿ ಇದೇ ಆಗಿದ್ದರೆ?

ಆ ತುಂಡನ್ನು ದಾವಣಗೆರೆಯಲ್ಲಿ ಹಳೆಯ ಲೇತ್ ಕೆಲಸದವರೊಬ್ಬರಿಗೆ ತೋರಿಸಿದೆ. ಅವರು ಎಮರಿ ಪೇಪರ್‌ನಲ್ಲಿ ಬಣ್ಣ ತಿಕ್ಕಿದರು. ಸರಳಿನ ಎರಡೂ ತುದಿಗೆ ಬೆಸುಗೆಯ ಉಂಗುರ! ಕಂಪನಿ ಶಾಫ್ಟಿನ ಸ್ಪ್ಲೈನ್ (ಸುತ್ತಲೂ ಇರುವ ಹಲ್ಲು) ಇರುವ ತುದಿಗಳನ್ನು ಕತ್ತರಿಸಿ, ನಡುವೆ ಲೇತಿನಲ್ಲಿ ಹೊಡೆದ ಮಾಮೂಲಿ ಉಕ್ಕಿನ ಸರಳು ಸೇರಿಸಿದ್ದರು. ಮುರಿದಿದ್ದು ಬೆಸುಗೆಯ ಮೇಲಲ್ಲ, ಅದರ ಪಕ್ಕದಲ್ಲಿ, ಶಾಖಕ್ಕೆ ಉಕ್ಕು ಪೆಡಸಾಗಿದ್ದ ಜಾಗದಲ್ಲಿ. ಮುರಿದ ಮುಖದ ಅರ್ಧ ಭಾಗ ತುಕ್ಕು ಹಿಡಿದು ಕಂದಾಗಿತ್ತು, ಉಳಿದರ್ಧ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ಎಂದೋ ಶುರುವಾಗಿ ಒಳಗೊಳಗೇ ಬೆಳೆದಿದೆ. ಆಮೇಲೆ ಅವರು ಅರ ತೆಗೆದುಕೊಂಡರು. ಒಂದು ಒರಿಜಿನಲ್ ಶಾಫ್ಟಿನ ಮೇಲೆ ಎಳೆದರೆ ಅರ ಜಾರಿತು. ಇದರ ಮೇಲೆ ಎಳೆದರೆ ಪುಡಿ ಉದುರಿತು.

ಶಾಫ್ಟ್ ಅಂದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಸದಾ ತಿರುಚಿಸಿಕೊಳ್ಳುವ ವಸ್ತು. ಜಾಸ್ತಿ ಒತ್ತಡ ಬೀಳುವುದು ಮೇಲ್ಮೈಗೆ. ಅದಕ್ಕೇ ಕಂಪನಿಯವರು ಮೇಲ್ಮೈಯನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಿರುತ್ತಾರೆ. ನಿಜವಾದ ಅಪ್‌ಗ್ರೇಡ್ ಶಾಫ್ಟ್‌ಗೆ 4340 ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು), ಇನ್ನೂ ಗಟ್ಟಿ ಬೇಕಾದರೆ 300ಎಂ ಉಕ್ಕು ಬಳಸುತ್ತಾರೆ. ಈ 300ಎಂ ವಿಮಾನದ ಲ್ಯಾಂಡಿಂಗ್ ಗೇರಿಗೂ ಬಳಸುವ ಉಕ್ಕು. ಆದರೆ ಎಂಥ ಉಕ್ಕಾದರೂ ಸರಿಯಾದ ಹೀಟ್ ಟ್ರೀಟ್‌ಮೆಂಟ್ ಇಲ್ಲದಿದ್ದರೆ ದುಡ್ಡು ದಂಡ. ದಪ್ಪ ನೋಡಿ ಮರುಳಾಗಬೇಡಿ. ಯಾವ ಉಕ್ಕು, ಎಷ್ಟು ಗಡಸು, ಯಾರು ಹೀಟ್ ಟ್ರೀಟ್‌ಮೆಂಟ್ ಮಾಡಿದ್ದು, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ ಅಂತ ಕೇಳಿ. "ನಂಬಿಕೆ ಮೇಲೆ ತಗೊಳ್ಳಿ" ಅಂದರೆ ಎದ್ದು ಬನ್ನಿ.

ವಾಪಸ್ ಹೋಗಿ ಕೇಳಿದ್ದಕ್ಕೆ ಅಂಗಡಿಯವರ ಉತ್ತರ, "ಜೀಪಿನ ಪ್ರೊಪೆಲ್ಲರ್ ಶಾಫ್ಟಿಗೂ ಬೆಸುಗೆ ಇರಲ್ವಾ ಸರ್?" ಈ ಮಾತು ಕೇಳಿ ಸುಮ್ಮನಾಗಬೇಡಿ. ಪ್ರೊಪೆಲ್ಲರ್ ಶಾಫ್ಟ್ ಅಂದರೆ ಗೇರ್‌ಬಾಕ್ಸಿನಿಂದ ಆಕ್ಸಲ್ ಕಡೆಗೆ ಹೋಗುವ ಅಗಲವಾದ ಕೊಳವೆ. ಅದು ಫೈನಲ್ ಡ್ರೈವಿಗಿಂತ ಮುಂಚೆ ಬರುವುದರಿಂದ ಅದರ ಮೇಲೆ ಅಷ್ಟು ಟಾರ್ಕ್ ಬೀಳುವುದಿಲ್ಲ. ಬೆಸುಗೆಗೆ ಅಂತಲೇ ವಿನ್ಯಾಸ ಮಾಡಿ, ಕೊನೆಗೆ ಬ್ಯಾಲೆನ್ಸಿಂಗ್ ಮಾಡಿ ಕೊಡುತ್ತಾರೆ. ಚಕ್ರಕ್ಕೆ ಹೋಗುವ ಸಣ್ಣ ಶಾಫ್ಟಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ದುಡ್ಡೂ ಬರಲಿಲ್ಲ, ನನ್ನ ಹಳೆ ಶಾಫ್ಟೂ ಬರಲಿಲ್ಲ. ಅವನ್ನೂ ಕತ್ತರಿಸಿ ಇನ್ನೊಬ್ಬರ ಗಾಡಿಗೆ ಸೇರಿಸಿದ್ದಾರೋ ಏನೋ ಅನ್ನುವುದೇ ನನಗೆ ದೊಡ್ಡ ಚಿಂತೆ. ನೀವು ಬದಲಾಯಿಸುವುದಾದರೆ ಹಳೆಯದನ್ನು ಮನೆಗೆ ತನ್ನಿ. ನಾನೀಗ ಒರಿಜಿನಲ್ ಜೋಡಿಯನ್ನೇ ಹಾಕಿಸಿ, ರೀಮ್ಯಾಪ್ ತೆಗೆಸಿದ್ದೇನೆ.

ಈಗಾಗಲೇ ಇಂಥ ಕಪ್ಪು ಬಣ್ಣದ ಶಾಫ್ಟ್ ಹಾಕಿಸಿಕೊಂಡವರು ಈ ವಾರವೇ ಗಾಡಿ ಏರಿಸಿ ನೋಡಿ. ಶಾಫ್ಟಿನ ತುದಿಗಳಲ್ಲಿರುವ ಎರಡು ಬೂಟ್‌ಗಳ (ಮಡಿಕೆ ಮಡಿಕೆಯ ಮುಚ್ಚಳ) ನಡುವೆ, ಸ್ಟಿಕರಿನ ಕೆಳಗೂ ಸೇರಿಸಿ, ಬಣ್ಣ ತಿಕ್ಕಿಸಿ. ಕೆಲವು ಗಾಡಿಗಳಿಗೆ ಕಂಪನಿಯದೇ ನಡುಕ ತಗ್ಗಿಸುವ ರಬ್ಬರ್ ಡ್ಯಾಂಪರ್ ಉಂಗುರ ಇರುತ್ತದೆ, ಟೊಳ್ಳು ಶಾಫ್ಟಿನಲ್ಲಿ ಮಷಿನ್ನಿನಿಂದ ಮಾಡಿದ ಬೆಸುಗೆಯೂ ಇರಬಹುದು, ಹಾಗಾಗಿ ಅದೇ ಮಾಡೆಲ್ಲಿನ ಒರಿಜಿನಲ್ ಶಾಫ್ಟ್ ಪಕ್ಕದಲ್ಲಿಟ್ಟು ಹೋಲಿಸಿ. ಕೈಯಲ್ಲಿ ಹಾಕಿ ಗ್ರೈಂಡ್ ಮಾಡಿದ ಬೆಸುಗೆ ಕಂಡರೆ ಗಾಡಿ ಓಡಿಸಿಕೊಂಡು ಹೋಗಬೇಡಿ, ಮುಂದಿನ ಚಕ್ರ ಎತ್ತಿ ಟೋ ಮಾಡಿಸಿ.