ಹೋಲಿಲ್ಯಾಂಡ್ ಟೂರ್‌ನ ಸೀನಾಯಿ ಭಾಗ: ಹಣ ಕಟ್ಟುವ ಮುನ್ನ ನೋಡಬೇಕಾದ್ದು

ನಮ್ಮ ಕ್ರೈಸ್ತ ಸಭೆಗಳಿಂದ (ಚರ್ಚ್‌ಗಳಿಂದ) ಹೊರಡುವ ಹೋಲಿಲ್ಯಾಂಡ್ ಟೂರ್‌ಗಳಲ್ಲಿ ಜೋರ್ಡನ್, ಇಸ್ರೇಲ್, ಈಜಿಪ್ಟ್ ಮೂರೂ ಸೇರಿದ ಹತ್ತು-ಹನ್ನೆರಡು ದಿನದ ಪ್ಯಾಕೇಜುಗಳಿವೆ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಅದರ ಈಜಿಪ್ಟ್-ಸೀನಾಯಿ ಭಾಗವನ್ನು ಮಾತ್ರ. ಇಸ್ರಾಯೇಲ್ಯರು ಈಜಿಪ್ಟಿನ ದಾಸತ್ವದಿಂದ ಹೊರಬಂದ ಕಥೆ ಹೇಳುವ ಬೈಬಲಿನ ವಿಮೋಚನಕಾಂಡದ ಮೊದಲ ಇಪ್ಪತ್ತು ಅಧ್ಯಾಯ ಧ್ಯಾನಿಸಬೇಕೆಂದು ಹೋಗುವವರಿಗೆ ಈ ಮೂರು ದಿನ ಎಷ್ಟು ಉಪಯೋಗಕ್ಕೆ ಬರುತ್ತವೆ?

ಮೊದಲು ನೋಡಬೇಕಾದ್ದು ದಾರಿಯ ದಿಕ್ಕು. ಕೆಲವು ಪ್ಯಾಕೇಜುಗಳು ಅಮ್ಮಾನ್‌ನಲ್ಲಿ ಇಳಿದು, ಯೆರೂಸಲೇಮ್ ಮುಗಿಸಿ, ಇಸ್ರೇಲ್-ಈಜಿಪ್ಟ್ ನಡುವಿನ ತಾಬಾ ಗಡಿ ದಾಟಿ ಸೀನಾಯಿಗೆ ಬಂದು, ಕೊನೆಗೆ ಕೈರೋದಲ್ಲಿ ಪಿರಮಿಡ್ ತೋರಿಸಿ ವಿಮಾನ ಹತ್ತಿಸುತ್ತವೆ. ಟಿಕೆಟ್ ಲೆಕ್ಕಕ್ಕೆ ಅದು ಸರಿ ಇರಬಹುದು, ಆದರೆ ಓದಿಗೆ ಪೂರ್ತಿ ತಿರುಗುಮುರುಗು. ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿ ಈಜಿಪ್ಟ್ ಬಿಟ್ಟ ಪಸ್ಕದ ರಾತ್ರಿ, 14ರಲ್ಲಿ ಸಮುದ್ರ ದಾಟಿದ್ದು, 19ರಲ್ಲಿ ಸೀನಾಯಿ ಬೆಟ್ಟ, 20ರಲ್ಲಿ ಹತ್ತು ಆಜ್ಞೆ. ದಶಾಜ್ಞೆಯ ಮೊದಲ ಮಾತೂ ಆಜ್ಞೆಯಲ್ಲ; ನಿಮ್ಮನ್ನು ದಾಸತ್ವದ ಮನೆಯಿಂದ ಹೊರಗೆ ಕರೆತಂದವನು ನಾನೇ ಎಂದು ದೇವರು ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ಬಿಡುಗಡೆಯಾದವರ ಕೈಗೆ ಆಜ್ಞೆ ಬಂತು. ಈ ಅನುಕ್ರಮ ತಪ್ಪಿದರೆ ಹತ್ತು ಆಜ್ಞೆ ಬರೀ ಹತ್ತು ಷರತ್ತಾಗಿ ಕಾಣುತ್ತದೆ. ಹಾಗಾಗಿ ಕೈರೋದಿಂದ ಶುರುವಾಗುವ ಪ್ಯಾಕೇಜ್ ಸಿಕ್ಕರೆ, ಸ್ವಲ್ಪ ದುಬಾರಿಯಾದರೂ ಅದನ್ನೇ ಹಿಡಿಯಿರಿ.

ಕೈರೋದಲ್ಲಿ ಗೈಡ್ ಹೇಳುವುದನ್ನೆಲ್ಲ ನಂಬಬೇಡಿ. ಗೀಜಾದ ಪಿರಮಿಡ್‌ಗಳನ್ನು ಇಸ್ರಾಯೇಲ್ಯರು ಕಟ್ಟಲಿಲ್ಲ, ಅವು ಕ್ರಿ.ಪೂ. 2500ರ ಆಸುಪಾಸಿನವು, ಮೋಶೆಯ ಕಾಲಕ್ಕಿಂತ ಸಾವಿರ ವರ್ಷ ಹಳೆಯವು. ವಿಮೋಚನಕಾಂಡ 1:11 ಹೇಳುವುದು ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣದ ಊರುಗಳನ್ನು, ಅದೂ ಜೇಡಿಮಣ್ಣಿನ ಇಟ್ಟಿಗೆಯ ಕೆಲಸವನ್ನು. ಅರ್ಧ ದಿನ ಉಳಿಸಿಕೊಂಡು ತಹ್ರೀರ್ ಚೌಕದ ಹಳೆಯ ಮ್ಯೂಸಿಯಂಗೆ ಹೋಗಿ, ಮೆರ್ನೆಪ್ತಾ ಶಾಸನ ಎಲ್ಲಿದೆ ಎಂದು ಕೇಳಿ. 1896ರಲ್ಲಿ ಸಿಕ್ಕ, ಮೂರು ಮೀಟರ್‌ಗೂ ಎತ್ತರದ ಕಪ್ಪು ಕಲ್ಲು ಅದು. ಕ್ರಿ.ಪೂ. 1208ರ ಸುಮಾರಿನ ಈ ಶಾಸನದಲ್ಲಿ ಇಸ್ರಾಯೇಲ್ ಎಂಬ ಜನಾಂಗದ ಹೆಸರಿದೆ. ಬೈಬಲಿನ ಹೊರಗೆ ಆ ಹೆಸರು ಸಿಗುವ ಅತಿ ಹಳೆಯ ದಾಖಲೆ ಇದೇ ಎಂದು ಬಹುತೇಕ ವಿದ್ವಾಂಸರ ಮತ. ಗುಂಪುಗಳನ್ನು ಇದರ ಮುಂದೆ ನಿಲ್ಲಿಸದೆ ಕರೆದೊಯ್ದುಬಿಡುತ್ತಾರೆ.

ಕೈರೋದಿಂದ ಸೀನಾಯಿ ಬೆಟ್ಟದ ಬಳಿಯ ಸೇಂಟ್ ಕ್ಯಾಥರೀನ್ ಊರಿಗೆ ಸುಮಾರು 450 ಕಿಲೋಮೀಟರ್. ಚೆಕ್‌ಪೋಸ್ಟ್‌ಗಳಿಂದಾಗಿ ಏಳೆಂಟು ಗಂಟೆ ಹಿಡಿಯುತ್ತದೆ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಸುಯೆಜ್ ಕಾಲುವೆಯ ಅಡಿಯ ಸುರಂಗ ದಾಟಿದ ಮೇಲೆ ಅಯೂನ್ ಮೂಸಾ ಎಂಬಲ್ಲಿ ಹಳೆಯ ಬಾವಿಗಳಿವೆ. ಕಹಿನೀರಿನ ಮಾರಾ ಇದೇ ಎಂದು ತೋರಿಸುತ್ತಾರೆ. ಇಪ್ಪತ್ತು ನಿಮಿಷ ಸಾಕು. ವಾದಿ ಫೈರಾನ್‌ಗೆ ಮಾತ್ರ ಒಂದು ಗಂಟೆ ಕೊಡಲೇಬೇಕು. ಬೋಳು ಕಲ್ಲುಬೆಟ್ಟಗಳ ನಡುವೆ ಕಿಲೋಮೀಟರ್‌ಗಟ್ಟಲೆ ಖರ್ಜೂರದ ತೋಪು. ಸಂಪ್ರದಾಯ ಇದನ್ನು ರೆಫೀದೀಮ್ ಎನ್ನುತ್ತದೆ. ನೀರಿಗಾಗಿ ಗುಣುಗುಟ್ಟಿದ ಜನ, ಅಮಾಲೇಕ್ಯರ ಯುದ್ಧ, ಎರಡೂ ಒಂದೇ ಅಧ್ಯಾಯದಲ್ಲಿ ಯಾಕೆ ಬರುತ್ತವೆ ಎಂಬುದು ಇಲ್ಲಿ ನಿಂತರೆ ತಿಳಿಯುತ್ತದೆ: ಆ ನಾಡಿನಲ್ಲಿ ನೀರಿದ್ದ ಕಡೆ ಜಗಳವೂ ಇದ್ದೇ ಇರುತ್ತದೆ.

ಇನ್ನು ಬೆಟ್ಟ. ಎಲ್ಲ ಜಾಹೀರಾತಿನಲ್ಲೂ ಇರುವುದು ಶಿಖರದ ಸೂರ್ಯೋದಯ. ಸೀನಾಯಿ ಬೆಟ್ಟವೆಂದು ತೋರಿಸುವ ಜೆಬೆಲ್ ಮೂಸಾ 2285 ಮೀಟರ್, ಅದರ ಬುಡದ ಸೇಂಟ್ ಕ್ಯಾಥರೀನ್ ಮಠ ಇರುವುದು 1570ರ ಹತ್ತಿರ. ರಾತ್ರಿ ಒಂದೂವರೆಗೆ ಬಿಟ್ಟರೆ ಒಂಟೆ ದಾರಿಯಲ್ಲಿ ಎರಡೂವರೆಯಿಂದ ಮೂರು ಗಂಟೆಯ ಹತ್ತುವಿಕೆ. ಒಂಟೆ ಮಾಡಿಕೊಂಡರೂ ಕೊನೆಯ 750 ಮೆಟ್ಟಿಲು ಕಾಲ್ನಡಿಗೆಯೇ. ಒಂಟೆ ಮೊದಲು ಹಿಂಗಾಲು ಎತ್ತಿ ಏಳುತ್ತದೆ, ಆಗ ಹಿಂದಕ್ಕೆ ಒರಗದಿದ್ದರೆ ಮುಗ್ಗರಿಸುತ್ತೀರಿ. ಬಾಡಿಗೆ ಎಷ್ಟು, ಹೋಗಲಿಕ್ಕೆ ಮಾತ್ರವೋ ಬರಲಿಕ್ಕೂ ಸೇರಿಯೋ ಎಂಬುದನ್ನು ಹತ್ತುವ ಮೊದಲೇ ಮಾತಾಡಿ. ಡಿಸೆಂಬರ್-ಜನವರಿಯಲ್ಲಿ ತುದಿಯಲ್ಲಿ ಸೊನ್ನೆಗಿಂತ ಕೆಳಗಿನ ಚಳಿ. ಬೆಂಗಳೂರಿನ ಸ್ವೆಟರ್ ಏನೇನೂ ಸಾಲದು. ಉಣ್ಣೆ ಟೋಪಿ, ಗ್ಲೌಸ್, ಗಾಳಿ ತಡೆಯುವ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು. ಇಳಿಯುವಾಗ 3750 ಮೆಟ್ಟಿಲಿನ ಪಶ್ಚಾತ್ತಾಪದ ದಾರಿ ನೋಡಲು ಚೆಂದ, ಆದರೆ ಮಂಡಿನೋವು ಇರುವವರು ಅದರ ಗೋಜಿಗೆ ಹೋಗದೆ ಒಂಟೆ ದಾರಿಯಲ್ಲೇ ಇಳಿಯುವುದು ಕ್ಷೇಮ.

ಇಷ್ಟೆಲ್ಲ ಆದರೂ ಶಿಖರ ಈ ಯಾತ್ರೆಯ ಮುಖ್ಯ ಜಾಗವಲ್ಲ. ಇಸ್ರಾಯೇಲ್ಯರು ಬೆಟ್ಟ ಹತ್ತಲೇ ಇಲ್ಲ. ಬೆಟ್ಟದ ಸುತ್ತ ಮೇರೆ ಹಾಕಿಸಿ, ದಾಟಬೇಡಿ ಎಂದು ದೇವರು ಹೇಳಿದ್ದನು. ಅವರು ಬುಡದಲ್ಲಿ ನಿಂತು ಕೇಳಿದರು, ನಡುಗಿ ದೂರ ಸರಿದರು. ಆ ಬುಡಕ್ಕೆ ಹೊಂದುವ ಜಾಗ ಊರಿನ ಪಕ್ಕದ ಅರ್-ರಾಹಾ ಬಯಲು. ಕಿಲೋಮೀಟರ್‌ಗಟ್ಟಲೆ ಉದ್ದದ ಮಟ್ಟಸ ನೆಲ, ಅದರ ಕೊನೆಗೆ ಗೋಡೆ ನಿಲ್ಲಿಸಿದ ಹಾಗೆ ನೇರ ಏಳುವ ರಾಸ್ ಸಫ್ಸಾಫಾ. 1838ರಲ್ಲಿ ಇಲ್ಲಿಗೆ ಬಂದ ಅಮೆರಿಕದ ಬೈಬಲ್ ವಿದ್ವಾಂಸ ಎಡ್ವರ್ಡ್ ರಾಬಿನ್ಸನ್, ಇಷ್ಟು ಜನ ನಿಲ್ಲಬಲ್ಲ ಬಯಲು ಇದೇ ಎಂದು ವಾದಿಸಿದರು. ಬಸ್ಸು ಇದರ ಪಕ್ಕದಲ್ಲೇ ಹಾದು ಹೋಟೆಲ್ ಸೇರುತ್ತದೆ, ನಿಲ್ಲಿಸುವವರು ಅಪರೂಪ. ಸಂಜೆ ನಾಲ್ಕೂವರೆಯೊಳಗೆ ಇಲ್ಲಿ ಇಳಿಸುವಂತೆ ಮೊದಲೇ ಬರೆಸಿಕೊಳ್ಳಿ. ವಿಮೋಚನಕಾಂಡ 19:1ರಿಂದ 20:21ರವರೆಗೆ ಒಬ್ಬರೇ ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ. ಓದುವವರು ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಇಲ್ಲವಾದರೆ ಹಿಂದಿನ ಸಾಲಿಗೆ ಏನೂ ಕೇಳಿಸದು. 2021ರಿಂದ ಈಚೆಗೆ ಸರ್ಕಾರಿ ಯೋಜನೆಯಲ್ಲಿ ಈ ಬಯಲಿನಲ್ಲಿ ಹೋಟೆಲ್ ಕಟ್ಟಡಗಳು ಎದ್ದಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಎಲ್ಲಿ ನಿಲ್ಲಬಹುದು ಎಂದು ಸ್ಥಳೀಯ ಬೆದೂಯಿನ್ ಗೈಡನ್ನೇ ಕೇಳಿ.

ಸೇಂಟ್ ಕ್ಯಾಥರೀನ್ ಮಠ 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ್ದು. ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನದೊಳಗೆ ಕೆಲವೇ ಗಂಟೆ ತೆರೆದಿರುತ್ತದೆ; ಶುಕ್ರವಾರ, ಭಾನುವಾರ ಮತ್ತು ಆರ್ಥೊಡಾಕ್ಸ್ ಹಬ್ಬಗಳಲ್ಲಿ ಬಾಗಿಲು ಮುಚ್ಚಿರುತ್ತದೆ. ಭಾನುವಾರದ ಆರಾಧನೆ ಸೀನಾಯಿಯಲ್ಲೇ ಆಗಲಿ ಎಂದು ಯೋಜಿಸುವ ಸಭೆಗಳು ಎಡವುವುದು ಇಲ್ಲೇ. ಮಂಗಳವಾರ ಅಥವಾ ಬುಧವಾರ ಒಳ್ಳೆಯ ಆಯ್ಕೆ.

ಈ ಪ್ಯಾಕೇಜುಗಳ ಅತಿ ದೊಡ್ಡ ದೋಷ ವೇಳಾಪಟ್ಟಿಯದು. ಕೈರೋದಿಂದ ಎಂಟು ಗಂಟೆ ಬಸ್ಸು ಓಡಿಸಿದ ಚಾಲಕನೇ ನಡುರಾತ್ರಿ ಎದ್ದು ಗುಂಪನ್ನು ಬೆಟ್ಟದ ಬುಡಕ್ಕೆ ಬಿಡಬೇಕು, ಬೆಳಿಗ್ಗೆ ಅವರನ್ನೇ ಕೂರಿಸಿಕೊಂಡು ತಾಬಾಗೆ ಹೊರಡಬೇಕು. ಅದು ಅಪಾಯ, ಸರಿ. ಆದರೆ ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆಯನ್ನು ಅದೇ ನೆಲದಲ್ಲಿ ಓದಿ ಬಂದವರಿಗೆ ಇದು ಬರೀ ಅಪಾಯದ ಮಾತಲ್ಲ. ವಿಮೋಚನಕಾಂಡ 20:10ರಲ್ಲಿ ವಿಶ್ರಾಂತಿ ಆಳಿಗೆ, ಪಶುವಿಗೆ, ಊರಲ್ಲಿರುವ ಅನ್ಯದೇಶದವನಿಗೂ ಸೇರಿದ್ದು. ಧರ್ಮೋಪದೇಶಕಾಂಡ 5:15 ಅದಕ್ಕೆ ಕಾರಣವನ್ನೂ ಕೊಡುತ್ತದೆ: ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದಿರಿ. ಇಟ್ಟಿಗೆಯ ಲೆಕ್ಕ ಕಡಿಮೆಯಾಗದ ನಾಡಿನಿಂದ ಬಿಡಿಸಿಕೊಂಡವರು ಇನ್ನೊಬ್ಬನ ನಿದ್ದೆ ಕಸಿಯಬಾರದು. ಸೇಂಟ್ ಕ್ಯಾಥರೀನ್‌ನಲ್ಲಿ ಎರಡು ರಾತ್ರಿ ಕೇಳಿ. ಮೊದಲ ಸಂಜೆ ಬಯಲು, ಆ ರಾತ್ರಿ ನಿದ್ದೆ, ಮರುದಿನ ಬೆಳಿಗ್ಗೆ ಮಠ, ಆಮೇಲೆ ಹಗಲಿನಲ್ಲೇ ಸಾಧ್ಯವಾದಷ್ಟು ಬೆಟ್ಟ. ಒಂದು ರಾತ್ರಿಯ ಖರ್ಚು ಹೆಚ್ಚು ಬೀಳುತ್ತದೆ, ಅಷ್ಟೇ.

ಇದೇ ನಿಜವಾದ ಸೀನಾಯಿಯೇ ಎಂದು ಕೇಳುವವರಿದ್ದಾರೆ. ಕ್ರೈಸ್ತರು ಈ ಬೆಟ್ಟವನ್ನು 4ನೇ ಶತಮಾನದಿಂದ ಗೌರವಿಸುತ್ತ ಬಂದಿದ್ದಾರೆ; ಸೌದಿ ಅರೇಬಿಯಾದ ಜಬಲ್ ಅಲ್-ಲಾವ್ಜ್ ಎನ್ನುವವರೂ ಉಂಟು. ನುವೈಬಾ ತೀರದಲ್ಲಿ ಸಮುದ್ರದಡಿ ಫರೋಹನ ರಥದ ಚಕ್ರ ಸಿಕ್ಕಿದೆ ಎಂಬ ಕಥೆಗೆ ಮಾತ್ರ ಪರೀಕ್ಷಿಸಿದ ಪುರಾವೆ ಇಲ್ಲ. ಅದನ್ನು ಮನೆಗೆ ತಂದು ಭಾನುವಾರ ಶಾಲೆಯ ಮಕ್ಕಳಿಗೆ ಹೇಳಬೇಡಿ.

ಹಣ ಕಟ್ಟುವ ಮೊದಲು ಏಜೆಂಟರಿಂದ ಬರಹದಲ್ಲಿ ಪಡೆಯಬೇಕಾದವು: ಯಾವ ದಿಕ್ಕು, ಸೀನಾಯಿಯಲ್ಲಿ ಎಷ್ಟು ರಾತ್ರಿ, ಮಠಕ್ಕೆ ವಾರದ ಯಾವ ದಿನ, ಒಂಟೆ ಬಾಡಿಗೆ, ಟಿಪ್ಸ್ ಮತ್ತು ಗಡಿ ಶುಲ್ಕ ಯಾರದು. ತಾಬಾದಲ್ಲಿ ತಪಾಸಣೆಗೇ ಎರಡು-ಮೂರು ಗಂಟೆ ಹೋಗಬಹುದು, ಆ ದಿನ ಬೇರೆ ಕಾರ್ಯಕ್ರಮ ಇಟ್ಟಿದ್ದರೆ ತೆಗೆಸಿ. 2023ರ ಅಕ್ಟೋಬರ್‌ನಿಂದ ಆ ಗಡಿಯ ಪರಿಸ್ಥಿತಿ ಬದಲಾಗುತ್ತಲೇ ಇದೆ. ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ, ಗಡಿ ಮುಚ್ಚಿದರೆ ಹಣ ವಾಪಸ್ ಹೇಗೆ ಎಂಬ ಷರತ್ತನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ.